ಅಳಲೆಕಾಯಿ ಪಂಡಿತರೂ ಅಳ್ಳೆಣ್ಣೆಯ ಒಳಲೆಯೂ

ವೈದ್ಯನೊಬ್ಬನನ್ನು ಹೀಗಳೆಯಬೇಕೆಂದರೆ ಕನ್ನಡದಲ್ಲಿ ಎರಡೇ ಪದ ಸಾಕು: 'ಅಳಲೆಕಾಯಿ ಪಂಡಿತ'. ಯಾವ ರೋಗ ಹೇಳಿಕೊಂಡು ಹೋದರೂ ಅಳಲೆಕಾಯಿಯನ್ನೇ ಕೊಟ್ಟು ಕಳುಹಿಸುವವನು, ಅಂದರೆ ಅರೆಬರೆ ವಿದ್ಯೆಯವನು ಎಂದು ಅರ್ಥ. ಇನ್ನು ಯಾರಾದರೂ ಮುಖ ಸಿಂಡರಿಸಿಕೊಂಡು ಕುಳಿತರೆ 'ಏನಯ್ಯಾ, ಹರಳೆಣ್ಣೆ ಕುಡಿದ ಹಾಗೆ ಮುಖ ಮಾಡಿಕೊಂಡಿದ್ದೀಯೆ' ಎಂದು ಕೇಳುವುದುಂಟು. ಈ ಎರಡು ಮಾತುಗಳೂ ಹುಟ್ಟಿದ್ದು ಒಂದೇ ವಿಷಯದಿಂದ. ಅದು ಹೊಟ್ಟೆ ಕಟ್ಟಿದಾಗ ಅದನ್ನು ಬಿಡಿಸುವ ಔಷಧ, ಅಂದರೆ ಭೇದಿ ಮದ್ದು.

ನಾಲ್ಕು ಜನರೆದುರು ಆಡಲು ಸಂಕೋಚಪಡುವ ವಿಷಯವಿದು. ಆದರೆ ಮನುಷ್ಯ ತನ್ನ ಕಾಯಿಲೆಗೆ ತಾನೇ ಹುಡುಕಿಕೊಂಡ ಮೊದಮೊದಲ ಔಷಧಗಳಲ್ಲಿ ಇದೂ ಒಂದು. ಕ್ರಿಸ್ತಪೂರ್ವ 1550ರ ಸುಮಾರಿನದೆನ್ನಲಾದ ಈಜಿಪ್ಟಿನ ಎಬರ್ಸ್ ಪಪೈರಸ್ ಸುರುಳಿಯಲ್ಲೇ ಹರಳಿನ ಪ್ರಸ್ತಾಪವಿದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಎಡಬಲದಲ್ಲಿ ಕಣ್ಣಾಡಿಸಿದರೆ ಈ ಚರಿತ್ರೆಯ ಬಹುಭಾಗ ಹೊಲದ ಬದುವಿನಲ್ಲೇ ನಿಂತಿರುವುದು ಕಾಣುತ್ತದೆ.

ರಾಗಿ, ಜೋಳ, ಕಡಲೆಕಾಯಿಯ ಹೊಲಗಳಲ್ಲಿ ಅಕ್ಕಡಿ ಸಾಲಾಗಿ ಹರಳು ಗಿಡ. ಬೀಳು ನೆಲದಲ್ಲಿ ಹಳದಿ ಹೂವಿನ ಆವರಿಕೆ. ಬೇಲಿಗೆ ಕಳ್ಳಿ. ದೂರದಲ್ಲಿ ನೀಲಿಯಾಗಿ ಕಾಣುವ ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿ ಅಳಲೆ, ನೆಲ್ಲಿ, ತಾರೆ ಮತ್ತು ಬೇಸಿಗೆಯಲ್ಲಿ ಹೊನ್ನಿನ ಗೊಂಚಲು ಇಳಿಬಿಡುವ ಕಕ್ಕೆ. ಬಯಲಿನವರಿಗೆ ಹರಳೆಣ್ಣೆ, ಬೆಟ್ಟದವರಿಗೆ ಅಳಲೆ. ಗ್ರಂಧಿಗೆ ಅಂಗಡಿಯಲ್ಲಿ ಮಾತ್ರ ಎರಡೂ ಅಕ್ಕಪಕ್ಕ.

ನಾಲ್ಕು ಬಗೆ

ಭೇದಿ ಮದ್ದು ಎಂದರೆ ಎಲ್ಲವೂ ಒಂದೇ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಹಿಂದಿನ ವೈದ್ಯರು ಹಾಗೆ ತಿಳಿದಿರಲಿಲ್ಲ. ಚರಕ ಸಂಹಿತೆಯಲ್ಲಿಯೇ ಸುಖವಾಗಿ ಭೇದಿ ಮಾಡಿಸುವುದಕ್ಕೆ ತ್ರಿವೃತ್, ಮೃದುವಾದುದಕ್ಕೆ ಕಕ್ಕೆ, ತೀಕ್ಷ್ಣವಾದುದಕ್ಕೆ ಕಳ್ಳಿಯ ಹಾಲು ಶ್ರೇಷ್ಠವೆಂಬ ವಿಂಗಡಣೆ ಇದೆ. ತ್ರಿವೃತ್ ಎಂದರೆ ಕನ್ನಡದಲ್ಲಿ ತಿಗಡೆ ಎನ್ನುವ ಬಳ್ಳಿ.

ಆನಂತರದ ಶಾರ್ಙ್ಗಧರ ಸಂಹಿತೆ ಇನ್ನೂ ಸ್ಪಷ್ಟವಾಗಿ ನಾಲ್ಕು ಬಗೆ ಹೇಳುತ್ತದೆ. ಮಲವನ್ನು ಪಕ್ವಗೊಳಿಸಿ, ಕಟ್ಟು ಬಿಡಿಸಿ ಕೆಳಮುಖವಾಗಿ ಸಾಗಿಸುವುದು ಅನುಲೋಮನ. ಇದಕ್ಕೆ ಉದಾಹರಣೆ ಅಳಲೆ. ಪಕ್ವವಾಗದೆ ಅಂಟಿಕೊಂಡಿರುವುದನ್ನು ಹಾಗೆಯೇ ಜಾರಿಸುವುದು ಸ್ರಂಸನ, ಇದಕ್ಕೆ ಕಕ್ಕೆ. ಗಟ್ಟಿಯಾಗಿ ಉಂಡೆಗಟ್ಟಿದ್ದನ್ನು ಒಡೆದು ಹೊರಹಾಕುವುದು ಭೇದನ, ಇದಕ್ಕೆ ಕಟುಕರೋಹಿಣಿ. ಪಕ್ವವೋ ಅಪಕ್ವವೋ ಎಲ್ಲವನ್ನೂ ನೀರಾಗಿಸಿ ಹೊರಡಿಸುವುದು ರೇಚನ, ಇದಕ್ಕೆ ತಿಗಡೆ. ನಾವು ಆಡುವ 'ಭೇದಿ' ಎಂಬ ಮಾತಿಗೂ 'ಭೇದನ'ಕ್ಕೂ ಮೂಲ ಒಂದೇ. ವಿಚಿತ್ರವೆಂದರೆ ಕನ್ನಡದಲ್ಲಿ ಮದ್ದಿನಿಂದ ಬೇಕೆಂದೇ ಆಗುವುದೂ ಭೇದಿ, ಬೇಡದೆ ಬರುವ ಕಾಯಿಲೆಯೂ ಭೇದಿ. ಈ ಒಂದು ಪದದ ಗೊಂದಲಕ್ಕೆ ಎಷ್ಟೋ ಹಸುಗೂಸುಗಳು ಬೆಲೆ ತೆತ್ತಿರಬಹುದು. ಆ ವಿಷಯಕ್ಕೆ ಮುಂದೆ ಬರೋಣ.

ಇಂಥ ವೈದ್ಯ ವಿದ್ಯೆ ಕನ್ನಡಕ್ಕೆ ಬಂದ ದಾರಿಯೂ ಚಾಮರಾಜನಗರದ ನೆಲವನ್ನು ಮುಟ್ಟಿಕೊಂಡೇ ಹೋಗುತ್ತದೆ. ತಾಲ್ಲೂಕಿನ ಮಲೆಯೂರಿನಲ್ಲಿ ಕನಕಗಿರಿ ಎಂಬ ಜೈನ ಕ್ಷೇತ್ರವಿದೆ. ವ್ಯಾಕರಣಕಾರರೂ ವೈದ್ಯರೂ ಆಗಿದ್ದ ಆಚಾರ್ಯ ಪೂಜ್ಯಪಾದರು ಈ ಬೆಟ್ಟದಲ್ಲಿ ತಪಸ್ಸು ಮಾಡಿ ದೇಹ ಬಿಟ್ಟರೆಂಬುದು ಜೈನ ಪರಂಪರೆಯ ನಂಬಿಕೆ. ಅವರದೆನ್ನಲಾದ ಸಂಸ್ಕೃತ ವೈದ್ಯ ಗ್ರಂಥ 'ಕಲ್ಯಾಣಕಾರಕ'ವನ್ನು 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ. ಮದ್ಯ, ಮಾಂಸ, ಮಧು ಈ ಮೂರನ್ನೂ ಬಿಟ್ಟು ಔಷಧ ಹೇಳಿರುವುದು ಈ ಗ್ರಂಥದ ವೈಶಿಷ್ಟ್ಯ. ಪ್ರಾಣಿಜನ್ಯ ವಸ್ತು ಬಿಟ್ಟ ಮೇಲೆ ಉಳಿಯುವುದು ಬೇರು, ತೊಗಟೆ, ಎಲೆ, ಕಾಯಿ. ಅಳಲೆಕಾಯಿಗೆ ಕನ್ನಡ ವೈದ್ಯದಲ್ಲಿ ದೊರೆತ ಅಗ್ರಪೀಠದ ಹಿಂದೆ ಇಂಥ ಪರಂಪರೆಯ ಪಾಲೂ ಇದ್ದಿರಬೇಕು ಎಂದು ಊಹಿಸಲು ಅವಕಾಶವಿದೆ.

ಒಂದೇ ಕಾಯಿ, ಎರಡು ಕೆಲಸ

ಹಾಗಾದರೆ ಅಳಲೆಕಾಯಿ ಪಂಡಿತನನ್ನು ಜನ ನಕ್ಕಿದ್ದೇಕೆ? ಎಲ್ಲಕ್ಕೂ ಒಂದೇ ಕಾಯಿ ಕೊಡುತ್ತಾನೆಂದು. ಭೇದಿ ಆಗುತ್ತಿಲ್ಲವೆಂದು ಹೋದವನಿಗೂ ಅಳಲೆ, ಭೇದಿ ನಿಲ್ಲುತ್ತಿಲ್ಲವೆಂದು ಹೋದವನಿಗೂ ಅಳಲೆ. ನೋಡಿದವರಿಗೆ ಇದು ಮೋಸವೆಂದೇ ಕಾಣಬೇಕು.

ಆದರೆ 16ನೇ ಶತಮಾನದ ಭಾವಪ್ರಕಾಶ ಗ್ರಂಥ ಹೇಳುವ ಪ್ರಕಾರ ಅಳಲೆಯನ್ನು ಅರೆದು ಕೊಟ್ಟರೆ ಮಲ ಹೊರಡಿಸುತ್ತದೆ. ಬೇಯಿಸಿ ಕೊಟ್ಟರೆ ಕಟ್ಟುತ್ತದೆ. ಅಗಿದು ತಿಂದರೆ ಹಸಿವು ಹೆಚ್ಚಿಸುತ್ತದೆ. ಇಂದಿನ ರಸಾಯನಶಾಸ್ತ್ರದ ಕಣ್ಣಿಗೂ ಇದು ತೀರಾ ಅಸಂಬದ್ಧವಲ್ಲ. ಒಣಗಿದ ಅಳಲೆಯ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಟ್ಯಾನಿನ್, ಅಂದರೆ ಬಾಯಿ ಒಗರು ಮಾಡುವ ವಸ್ತು. ಟ್ಯಾನಿನ್ನಿನ ಗುಣ ಬಿಗಿಯುವುದು. ಅದೇ ಕಾಯಿಯಲ್ಲಿ ಕರುಳನ್ನು ಚುರುಕುಗೊಳಿಸುವ ಅಂಶಗಳೂ ಇವೆ. ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅಳಲೆಯಿಂದ ಜಠರ ಬೇಗ ಬರಿದಾದುದು ಕಂಡುಬಂದಿದೆ. ಒಂದೇ ಕಾಯಿಯಲ್ಲಿ ಬಿಡಿಸುವ ಶಕ್ತಿಯೂ ಕಟ್ಟುವ ಶಕ್ತಿಯೂ ಇರುವಾಗ, ಯಾವುದು ಮೇಲುಗೈ ಎಂಬುದು ತಯಾರಿಸುವ ಕ್ರಮ ಮತ್ತು ಪ್ರಮಾಣದ ಮೇಲೆ ನಿಲ್ಲುತ್ತದೆ. ಪಂಡಿತನಿಗೆ ಈ ಕ್ರಮ ಗೊತ್ತಿದ್ದರೆ ಅವನು ವೈದ್ಯ. ಗೊತ್ತಿಲ್ಲದಿದ್ದರೆ ಗಾದೆಯ ಪಂಡಿತ.

ಈ ಕಾಯಿಯ ಕೀರ್ತಿ ಕನ್ನಡ ನಾಡಿಗಷ್ಟೇ ಸೀಮಿತವಾಗಿರಲಿಲ್ಲ. ಟಿಬೆಟ್ಟಿನ ಚಿತ್ರಗಳಲ್ಲಿ ವೈದ್ಯಬುದ್ಧನ ಕೈಯಲ್ಲಿರುವುದು ಅಳಲೆಯೇ. ಅರಬ್ಬೀ ವೈದ್ಯರ ಮೂಲಕ ಮಧ್ಯಯುಗದ ಯೂರೋಪಿಗೂ ಇದು 'ಮೈರೊಬಲನ್' ಎಂಬ ಹೆಸರಿನಲ್ಲಿ ಮೃದು ಭೇದಿ ಮದ್ದಾಗಿ ಹೋಯಿತು. ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತ 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ ಔಷಧ ಗ್ರಂಥದಲ್ಲಿ ಇದಕ್ಕೆಂದೇ ಒಂದು ಸಂವಾದವನ್ನು ಮೀಸಲಿಟ್ಟಿದ್ದಾನೆ.

ಬುಕನನ್ ಕಂಡ ಹರಳೆಣ್ಣೆ

ಇನ್ನು ಬಯಲಿನ ಮದ್ದಿಗೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಬಳಿಕ ಈಸ್ಟ್ ಇಂಡಿಯಾ ಕಂಪನಿ ಮೈಸೂರು ಸೀಮೆಯ ಬೆಳೆ, ಕಸುಬು, ವ್ಯಾಪಾರಗಳ ಲೆಕ್ಕ ತರಲು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳುಹಿಸಿತು. 1800-01ರಲ್ಲಿ ಆತ ಕಾವೇರಿಯ ದಕ್ಷಿಣದ ಸೀಮೆಯೂ ಸೇರಿದಂತೆ ಊರೂರು ಸುತ್ತಿದ. 1807ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಅವನ ಪ್ರವಾಸ ಕಥನದಲ್ಲಿ ದೊಡ್ಡ ಹರಳು, ಚಿಕ್ಕ ಹರಳು ಎಂಬ ಎರಡು ತಳಿಗಳ ವಿವರವಿದೆ. ಆಗ ಸೀಮೆಎಣ್ಣೆ ಬಂದಿರಲಿಲ್ಲ. ಬಡವನ ಗುಡಿಸಲಿನ ದೀಪ ಉರಿಯುತ್ತಿದ್ದುದು ಹರಳೆಣ್ಣೆಯಿಂದ. ಅದೇ ಎಣ್ಣೆ ಔಷಧಕ್ಕೂ ಬರುತ್ತಿತ್ತು.

ಎಣ್ಣೆ ತೆಗೆಯುವ ಆಗಿನ ಕ್ರಮ ನಮ್ಮ ಕಡೆಯ ಹಳ್ಳಿಗಳಲ್ಲಿ ತೀರಾ ಇತ್ತೀಚಿನವರೆಗೂ ಉಳಿದಿತ್ತು. ಹರಳನ್ನು ಹುರಿದು, ಒರಳಿನಲ್ಲಿ ಕುಟ್ಟಿ, ಆ ಹಿಟ್ಟನ್ನು ನೀರಿಗೆ ಹಾಕಿ ಚೆನ್ನಾಗಿ ಕುದಿಸಬೇಕು. ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಬಳಿದುಕೊಂಡು ಮತ್ತೊಮ್ಮೆ ಕಾಯಿಸಿ ನೀರಿನಂಶ ಆರಿಸಬೇಕು. ಗಾಣಕ್ಕೆ ಹಾಕಿದರೆ ಇಷ್ಟು ರಗಳೆ ಇರುವುದಿಲ್ಲ. ಆದರೂ ಕುಡಿಯುವ ಎಣ್ಣೆ ಮನೆಯಲ್ಲೇ ಬೇಯಿಸಿ ತೆಗೆದದ್ದಾಗಬೇಕು ಎಂದು ಹಿರಿಯರು ಹಟ ಹಿಡಿಯುತ್ತಿದ್ದರು.

ಆ ಹಟದಲ್ಲಿ ವಿವೇಕವಿತ್ತು. ಹರಳಿನ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಕೆಲವೇ ಬೀಜಗಳನ್ನು ಅಗಿದು ನುಂಗಿದರೂ ಮಗುವಿನ ಜೀವಕ್ಕೆ ಅಪಾಯ. ಆದರೆ ರಿಸಿನ್ ಒಂದು ಬಗೆಯ ಪ್ರೋಟೀನು. ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ; ಬಿಸಿಗೆ ಕೆಡುತ್ತದೆ. ಹುರಿದು, ಕುದಿಸಿ, ಎಣ್ಣೆಯನ್ನಷ್ಟೇ ಮೇಲಿನಿಂದ ಬಳಿದುಕೊಂಡರೆ ವಿಷ ಕೆಳಗಿನ ನೀರು ಮತ್ತು ಚರಟದಲ್ಲಿ ಉಳಿದು ಕೆಡುತ್ತದೆ. ರಿಸಿನ್ ಎಂಬ ಹೆಸರು ಕೇಳದ ಹೆಂಗಸರು ಅದರಿಂದ ಪಾರಾಗುವ ದಾರಿಯನ್ನು ಮಾತ್ರ ತಪ್ಪದೆ ನಡೆಸಿಕೊಂಡು ಬಂದಿದ್ದರು.

ಯೂರೋಪಿನ ವೈದ್ಯರು ಹರಳೆಣ್ಣೆಯನ್ನು ಮತ್ತೆ ಗಂಭೀರವಾಗಿ ಕೈಗೆತ್ತಿಕೊಂಡದ್ದು 1764ರಲ್ಲಿ ಪೀಟರ್ ಕ್ಯಾನ್‌ವೇನ್ ಎಂಬ ವೈದ್ಯ ಅದರ ಬಗ್ಗೆ ಪುಸ್ತಕ ಬರೆದ ಬಳಿಕ. ಆನಂತರ ಅದಕ್ಕೆ ಬಂದ ಬೇಡಿಕೆ ಹೊಟ್ಟೆಗಷ್ಟೇ ಅಲ್ಲ. ಎಷ್ಟು ಬಿಸಿಯಾದರೂ ಜಿಡ್ಡು ಬಿಡದ ಈ ಎಣ್ಣೆ ಯಂತ್ರಗಳಿಗೆ ಒಳ್ಳೆಯ ಕೀಲೆಣ್ಣೆಯೂ ಆಯಿತು. 'ಕ್ಯಾಸ್ಟ್ರಾಲ್' ಎಂಬ ಹೆಸರು ಬಂದುದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳು ಉಗುಳುತ್ತಿದ್ದ ಹರಳೆಣ್ಣೆಯ ಹನಿಗಳನ್ನು ಉಸಿರಾಡಿ ವಿಮಾನ ಚಾಲಕರಿಗೆ ಭೇದಿ ಹತ್ತುತ್ತಿತ್ತು ಎಂದು ಹೇಳುವುದುಂಟು. ಇಟಲಿಯಲ್ಲಿ ಮುಸಲೋನಿಯ ಕರಿಯಂಗಿ ಪಡೆಗಳು ಇದನ್ನೇ ಹಿಂಸೆಯ ಸಾಧನ ಮಾಡಿಕೊಂಡವು. ವಿರೋಧಿಗಳನ್ನು ಹಿಡಿದು ಬಲವಂತವಾಗಿ ಹರಳೆಣ್ಣೆ ಕುಡಿಸಿ ಬೀದಿಯಲ್ಲಿ ಅವಮಾನಪಡಿಸುತ್ತಿದ್ದವು. ಮದ್ದು ಯಾರ ಕೈಯಲ್ಲಿದೆ ಎಂಬುದೂ ಮುಖ್ಯ.

ಕರುಳಿನೊಳಗೆ ಏನಾಗುತ್ತದೆ?

ಆಹಾರ, ನೀರು, ಜೊಲ್ಲು, ಪಿತ್ತ, ಜೀರ್ಣರಸಗಳೆಲ್ಲ ಸೇರಿ ದಿನಕ್ಕೆ ಎಂಟು ಒಂಬತ್ತು ಲೀಟರು ದ್ರವ ಸಣ್ಣ ಕರುಳಿಗೆ ಇಳಿಯುತ್ತದೆ. ಬಹುಪಾಲನ್ನು ಸಣ್ಣ ಕರುಳೇ ಹೀರಿಕೊಳ್ಳುತ್ತದೆ. ದೊಡ್ಡ ಕರುಳಿಗೆ ತಲುಪುವುದು ಒಂದೂವರೆ ಲೀಟರಿನಷ್ಟು. ಅದರಲ್ಲೂ ಹೆಚ್ಚಿನ ನೀರನ್ನು ಹೀರಿಕೊಂಡ ಬಳಿಕ ಮಲದೊಂದಿಗೆ ಹೊರಹೋಗುವುದು ನೂರು ಇನ್ನೂರು ಮಿಲಿಲೀಟರು ಮಾತ್ರ. ಸಾಗುವ ವೇಗ ಕಡಿಮೆಯಾದರೆ ನೀರು ಹೆಚ್ಚು ಹೀರಲ್ಪಟ್ಟು ಮಲ ಗಟ್ಟಿಯಾಗುತ್ತದೆ. ಇದೇ ಮಲಬದ್ಧತೆ. ಭೇದಿ ಮದ್ದುಗಳೆಲ್ಲ ಮಾಡುವುದು ಎರಡೇ ಕೆಲಸ: ನೀರನ್ನು ಕರುಳಿನಲ್ಲಿ ಉಳಿಸುವುದು, ಇಲ್ಲವೇ ಕರುಳನ್ನು ನೂಕುವುದು. ಕೆಲವು ಎರಡನ್ನೂ ಮಾಡುತ್ತವೆ.

ಮೊದಲನೆಯ ಬಗೆ, ಉಬ್ಬುವ ಮದ್ದು. ಇಸಬಗೋಲಿನ ಹೊಟ್ಟು ಇದಕ್ಕೆ ಉದಾಹರಣೆ. ಗುಜರಾತಿನ ಊಂಝಾ ಇದರ ದೊಡ್ಡ ಮಾರುಕಟ್ಟೆ. ನೀರು ಕುಡಿದು ಲೋಳೆಯಾಗಿ ಉಬ್ಬಿ ಮಲವನ್ನು ಮೆತ್ತಗೂ ದಪ್ಪಗೂ ಮಾಡುತ್ತದೆ. ದಪ್ಪವಾದಾಗ ಕರುಳು ತಾನಾಗಿ ನೂಕುತ್ತದೆ. ಒಂದರಿಂದ ಮೂರು ದಿನ ಕಾಯಬೇಕು. ಸಾಕಷ್ಟು ನೀರು ಕುಡಿಯದೆ ನುಂಗಿದರೆ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳುವ ಅಪಾಯವಿದೆ. ಸೊಪ್ಪು, ರಾಗಿ, ಕಾಳು ತಿನ್ನುವ ಊಟ ಮಾಡುವುದೂ ಇದೇ ಕೆಲಸವನ್ನೇ.

ಎರಡನೆಯ ಬಗೆ, ನೀರು ಎಳೆಯುವ ಮದ್ದು. ಭೇದಿ ಉಪ್ಪು ಎಂದು ಕರೆಯುವ ಎಪ್ಸಂ ಉಪ್ಪು, ಮಿಲ್ಕ್ ಆಫ್ ಮೆಗ್ನೀಷಿಯ, ಲ್ಯಾಕ್ಟುಲೋಸ್ ಇವೆಲ್ಲ ಈ ಗುಂಪಿನವು. ಇವುಗಳನ್ನು ಕರುಳು ಸುಲಭವಾಗಿ ಹೀರಿಕೊಳ್ಳಲಾರದು. ಇವು ನೀರನ್ನು ತಮ್ಮೊಂದಿಗೆ ಹಿಡಿದಿಟ್ಟುಕೊಳ್ಳುತ್ತವೆ. 1618ರಲ್ಲಿ ಇಂಗ್ಲೆಂಡಿನ ಎಪ್ಸಂ ಊರಿನ ಬಳಿ ಬರಗಾಲದಲ್ಲೂ ದನಗಳು ಮೂಸಿ ನೋಡಿ ಬಿಟ್ಟ ಒಂದು ಹೊಂಡದ ಕಹಿ ನೀರಿನಿಂದ ಈ ಉಪ್ಪಿನ ಕಥೆ ಆರಂಭವಾಯಿತೆಂದು ಹೇಳುತ್ತಾರೆ.

ಮೂರನೆಯದು, ಕರುಳನ್ನು ಕೆರಳಿಸುವ ಮದ್ದು. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ಹೆಸರಿನಲ್ಲೇ ಪ್ರಸಿದ್ಧವಾದ ಸೋನಾಮುಖಿ ಅಥವಾ ನೆಲಾವರಿಕೆ ಇದಕ್ಕೆ ನಿದರ್ಶನ. ನಮ್ಮ ಬೀಳುಗಳ ಆವರಿಕೆಯ ದಾಯಾದಿ ಇದು. ಇದರ ಸೆನ್ನೊಸೈಡ್ ಎಂಬ ಅಂಶ ಹಾಗೆಯೇ ದೊಡ್ಡ ಕರುಳಿನವರೆಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದ ಮೇಲೆಯೇ ಮದ್ದು ಎಚ್ಚರಗೊಳ್ಳುವುದು. ಅದಕ್ಕೇ ರಾತ್ರಿ ತೆಗೆದುಕೊಂಡರೆ ಬೆಳಗ್ಗೆ ಕೆಲಸ. ಕಕ್ಕೆಕಾಯಿಯ ಕಪ್ಪು ತಿರುಳಿನಲ್ಲೂ ಇದೇ ಜಾತಿಯ ಅಂಶಗಳಿವೆ.

ಹರಳೆಣ್ಣೆಯೂ ಈ ಗುಂಪಿನದೇ. ಜಾರಿಸುವ ಎಣ್ಣೆ ಎಂದು ಬಹುಕಾಲ ತಿಳಿಯಲಾಗಿತ್ತು, ಹಾಗಲ್ಲ. ಸಣ್ಣ ಕರುಳಿನಲ್ಲಿ ಅದು ಒಡೆದು ರಿಸಿನೋಲಿಕ್ ಆಮ್ಲ ಹೊರಬರುತ್ತದೆ. ಈ ಆಮ್ಲ ಕರುಳಿನ ಸ್ನಾಯುವಿನ ಮೇಲಿರುವ ನಿರ್ದಿಷ್ಟ ಗ್ರಾಹಕವೊಂದನ್ನು ತಟ್ಟಿ ಅದನ್ನು ಸಂಕುಚಿಸುತ್ತದೆ ಎಂಬುದನ್ನು ಜರ್ಮನಿಯ ವಿಜ್ಞಾನಿಗಳು ತೋರಿಸಿಕೊಟ್ಟದ್ದು 2012ರಲ್ಲಿ. ಅದೇ ಗ್ರಾಹಕ ಗರ್ಭಕೋಶದ ಸ್ನಾಯುವಿನಲ್ಲೂ ಇದೆ. ಬಸುರಿಗೆ ಹರಳೆಣ್ಣೆ ಕುಡಿಸಬಾರದೆಂಬ ಎಚ್ಚರಿಕೆಗೂ, ದಿನ ತುಂಬಿದವಳಿಗೆ ಹೆರಿಗೆ ನೋವು ಬರಲೆಂದು ಕುಡಿಸುತ್ತಿದ್ದ ಹಳೆಯ ರೂಢಿಗೂ ಕಾರಣ ಒಂದೇ.

ಇವುಗಳಾಚೆ ಹೆಸರು ಹೇಳಿದರೆ ಸಾಕು ಹೆದರಬೇಕಾದ ಮದ್ದುಗಳಿವೆ. ಜಾಪಾಳದ ಬೀಜ ಅಂಥದು. ಒಂದೆರಡು ಹನಿ ಎಣ್ಣೆಗೇ ನೀರಿನಂತೆ ಭೇದಿ ಹತ್ತಿಸುವ, ಪ್ರಾಣಕ್ಕೇ ಎರವಾಗಬಲ್ಲ ವಸ್ತು. ಆಯುರ್ವೇದದಲ್ಲೂ ಇದನ್ನು ಶುದ್ಧಿ ಮಾಡದೆ ಬಳಸುವಂತಿಲ್ಲ. ಇದರ ಎಣ್ಣೆಯನ್ನು 1940ರ ದಶಕದಿಂದ ವಿಜ್ಞಾನಿಗಳು ಇಲಿಗಳ ಚರ್ಮದಲ್ಲಿ ಗಡ್ಡೆಗಳನ್ನು ಬೆಳೆಸಿ ಕ್ಯಾನ್ಸರನ್ನು ಅಭ್ಯಸಿಸಲು ಬಳಸಿದರು ಎಂದರೆ ಅದರ ಗುಣ ಗೊತ್ತಾದೀತು. ಪಾಶ್ಚಾತ್ಯ ವೈದ್ಯದ ಕೈಯೂ ಸ್ವಚ್ಛವಾಗಿರಲಿಲ್ಲ. 19ನೇ ಶತಮಾನದ ದೊರೆ ಡಾಕ್ಟರುಗಳ ಅಚ್ಚುಮೆಚ್ಚಿನ ಭೇದಿ ಮದ್ದು ಕ್ಯಾಲೊಮೆಲ್ ಎಂಬ ಪಾದರಸದ ಲವಣ. ಮಕ್ಕಳ ಹಲ್ಲು ಹುಟ್ಟುವ ಪುಡಿಗಳಲ್ಲಿಯೂ ಸೇರಿ ವಿಷವೇರಿಸಿದ ಮೇಲೆ, 1950ರ ದಶಕದಲ್ಲಿ ಬ್ರಿಟನ್ ಅದನ್ನು ಆ ಪುಡಿಗಳಿಂದ ಹೊರಹಾಕಿತು. 20ನೇ ಶತಮಾನದುದ್ದಕ್ಕೂ ಮಿಠಾಯಿಯಂತೆ ಮಾರಾಟವಾದ ಫಿನಾಲ್ಫ್‌ಥಲೀನ್ ಕೂಡ ಕ್ಯಾನ್ಸರ್ ಶಂಕೆಯಿಂದ 1999ರಲ್ಲಿ ಅಮೆರಿಕದಲ್ಲಿ ನಿಷೇಧಕ್ಕೆ ಒಳಗಾಯಿತು.

ಒಳಲೆಯ ದಿನ

ಹಳೆ ಮೈಸೂರಿನ ಮನೆಗಳಲ್ಲಿ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಮಕ್ಕಳಿಗೆಲ್ಲ 'ಭೇದಿಗೆ ಹಾಕುವ' ದಿನವಿರುತ್ತಿತ್ತು. ನಸುಕಿನಲ್ಲೇ ಎಬ್ಬಿಸಿ, ಸಾಲಾಗಿ ಕೂರಿಸಿ, ಬಿಸಿ ಕಾಫಿಯಲ್ಲೋ ಶುಂಠಿ ಕಷಾಯದಲ್ಲೋ ಬೆರೆಸಿದ ಹರಳೆಣ್ಣೆ. ಚಾಮರಾಜನಗರದ ಕಡೆಯ ಮಾತಿನಲ್ಲಿ ಅಳ್ಳೆಣ್ಣೆ. 'ಮೂಗ್ ಮುಚ್ಕಂಡು ಒಂದೇ ಗುಟ್ಕುಗೆ ಕುಡ್ದುಬುಡು ಕೂಸೇ' ಎಂದು ಅಜ್ಜಿ ಪುಸಲಾಯಿಸುವುದು. ಕುಡಿಯದಿದ್ದರೆ ಅಪ್ಪ ಕೈಕಾಲು ಹಿಡಿಯುವುದು. ಹಸುಗೂಸಾದರೆ ತೊಡೆಯ ಮೇಲೆ ಮಲಗಿಸಿ, ಮೂತಿಯಿರುವ ಒಳಲೆಯಿಂದ ಬಾಯಿಗೆ ಸುರಿಯುವುದು. ದಿನವಿಡೀ ಬಿಸಿನೀರು, ಸಂಜೆಗೆ ಭೇದಿ ಕಟ್ಟಲೆಂದು ಮಜ್ಜಿಗೆ ಅನ್ನ. ನಮ್ಮ ತಲೆಮಾರಿನವರು ಈ ಸಂಭ್ರಮವನ್ನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಕಂಡವರು ಇಂದಿಗೂ ಕಾಫಿಯಲ್ಲಿ ಆ ವಾಸನೆ ನೆನಪಾಗುತ್ತದೆ ಎನ್ನುತ್ತಾರೆ.

ಈ ರೂಢಿಗೆ ಒಂದು ಕಾರಣವಿತ್ತು: ಜಂತುಹುಳು. ಬರಿಗಾಲಿನ ಮಕ್ಕಳು, ಬಯಲು ಶೌಚ, ಕೆರೆ ನೀರು. ಹುಳುವಿನ ಔಷಧಗಳು ಬಂದ ಆರಂಭದಲ್ಲಿಯೂ ಸ್ಯಾಂಟೊನಿನ್ ಕೊಟ್ಟು ಮೇಲೆ ಹರಳೆಣ್ಣೆ ಕುಡಿಸಿ ಹುಳುಗಳನ್ನು ಹೊರಡಿಸುವ ಕ್ರಮವಿತ್ತು. 2015ರ ಫೆಬ್ರವರಿಯಿಂದ ಶಾಲೆ, ಅಂಗನವಾಡಿಗಳಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆಯನ್ನು ಅಗಿಯಲು ಕೊಡಲಾಗುತ್ತಿದೆ. ಅಜ್ಜಿಯ ಒಳಲೆಯ ನಿಜವಾದ ವಾರಸುದಾರ ಈ ಮಾತ್ರೆ. ಇದಕ್ಕೆ ಭೇದಿ ಬೇಕಿಲ್ಲ, ಕೈಕಾಲು ಹಿಡಿಯಬೇಕಿಲ್ಲ.

ಇನ್ನೊಂದು ಕಾರಣ ಭಯ. ಹೊಟ್ಟೆಯಲ್ಲಿ ಉಳಿದದ್ದು ಮೈಗೆಲ್ಲ ವಿಷವೇರಿಸುತ್ತದೆ ಎಂಬ ನಂಬಿಕೆ ಹಳ್ಳಿಯಲ್ಲಷ್ಟೇ ಇದ್ದುದಲ್ಲ. 20ನೇ ಶತಮಾನದ ಆದಿಯಲ್ಲಿ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಈ ಭಯದಿಂದಲೇ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ಅದಕ್ಕೆ ಹೋಲಿಸಿದರೆ ನಮ್ಮ ಅಜ್ಜಿಯರು ಸಾಧುಗಳು. ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ, ತ್ರಾಸವಿಲ್ಲದೆ ಆಗುತ್ತಿದ್ದರೆ ಎಲ್ಲವೂ ಸಹಜ ಎನ್ನುತ್ತದೆ ಇಂದಿನ ವೈದ್ಯ.

ಆದರೆ ಒಳಲೆಯ ಇನ್ನೊಂದು ಮುಖವನ್ನು ಮರೆಮಾಚುವಂತಿಲ್ಲ. ಅಳುವ ಕೂಸಿನ ಬಾಯಿಗೆ ಬಲವಂತವಾಗಿ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಎಣ್ಣೆಯಿಂದಾಗುವ ಈ ನ್ಯುಮೋನಿಯವನ್ನು ದಕ್ಷಿಣ ಭಾರತದ ಮಕ್ಕಳ ವೈದ್ಯರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಆರು ತಿಂಗಳವರೆಗೆ ಕೂಸಿಗೆ ತಾಯಿಹಾಲಲ್ಲದೆ ಬೇರೇನೂ ಬೇಡ. ಸಾಣೆಕಲ್ಲಿನ ಮೇಲೆ ತೇಯ್ದ ಅಳಲೆ, ಬಜೆಯೂ ಬೇಡ ಎಂಬುದು ಅವರ ಸಲಹೆ. ಈಗಾಗಲೇ ಭೇದಿಯಾಗುತ್ತಿರುವ ಮಗುವಿಗೆ 'ಕೆಟ್ಟದ್ದೆಲ್ಲ ಹೋಗಲಿ' ಎಂದು ಮತ್ತೆ ಭೇದಿ ಮದ್ದು ಹಾಕುವುದು ಇನ್ನೂ ಅಪಾಯ. ಆಗ ಬೇಕಾದದ್ದು ಓಆರ್‌ಎಸ್ ನೀರು. ಹಾಗೆಯೇ ಹೊಟ್ಟೆನೋವಿನ ಜೊತೆ ವಾಂತಿ, ಜ್ವರ ಇದ್ದರೆ ದೊಡ್ಡವರೂ ಭೇದಿಗೆ ತೆಗೆದುಕೊಳ್ಳಬಾರದು. ಅಪೆಂಡಿಕ್ಸ್ ಊದಿಕೊಂಡಿದ್ದರೆ ಒಂದು ಲೋಟ ಹರಳೆಣ್ಣೆ ಅದನ್ನು ಒಡೆಯಲು ಸಾಕು.

ಮರ ಯಾರದು?

ಅಂಗಡಿಯ ಡಬ್ಬದಲ್ಲಿರುವ ಅಳಲೆಕಾಯಿ ಅಲ್ಲಿಗೆ ಬಂದುದು ಯಾರ ಕೈಯಿಂದ? ಬಿಳಿಗಿರಿರಂಗನ ಬೆಟ್ಟದಲ್ಲಾದರೆ ಸೋಲಿಗರ ಕೈಯಿಂದ. ಅಳಲೆಗೆ ಔಷಧಕ್ಕಿಂತ ದೊಡ್ಡ ಗಿರಾಕಿ ಎಂದರೆ ಚರ್ಮ ಹದ ಮಾಡುವವರು. ಅದೇ ಟ್ಯಾನಿನ್ ಹಸಿ ಚರ್ಮವನ್ನು ಕೊಳೆಯದಂತೆ ಬಿಗಿಯುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದ ಅಳಲೆ ಜಬಲ್ಪುರ, ಭೀಮುನಿಪಟ್ಟಣಗಳ ಹೆಸರು ಹೊತ್ತು ಹಡಗಿನಲ್ಲಿ ಯೂರೋಪಿನ ಟ್ಯಾನರಿಗಳಿಗೆ ಹೋಗುತ್ತಿತ್ತು. ಹೀಗೆ ಕಾಡಿನ ಕಾಯಿ ಹರಾಜಿನ ಸರಕಾಯಿತು. ಗುತ್ತಿಗೆ ಹಿಡಿದವನು ಹೇಳಿದ್ದೇ ಬೆಲೆ.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಸೋಲಿಗರು ಕಾಡು ಕಡಿದು ಸುಟ್ಟು ಮಾಡುತ್ತಿದ್ದ ಬೇಸಾಯ ನಿಂತು, ಅವರನ್ನು ಪೋಡುಗಳಲ್ಲಿ ನೆಲೆಗೊಳಿಸಲಾಯಿತು. ಆ ಬಳಿಕ ಜೇನು, ನೆಲ್ಲಿ, ಅಳಲೆ, ಸೀಗೆ, ಪಾಚಿಗಳ ಸಂಗ್ರಹವೇ ಅವರ ಆದಾಯದ ದೊಡ್ಡ ಆಸರೆ. ಗುತ್ತಿಗೆದಾರರ ಜಾಗಕ್ಕೆ ಲ್ಯಾಂಪ್ಸ್ ಎಂಬ ಗಿರಿಜನ ಸಹಕಾರ ಸಂಘಗಳು ಬಂದವು. 1981ರಲ್ಲಿ ಡಾ. ಎಚ್. ಸುದರ್ಶನ್ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬೆಟ್ಟಕ್ಕೆ ಆಸ್ಪತ್ರೆ, ಶಾಲೆಗಳನ್ನು ತಂದಿತು. ಕಾಯಿ ಕೀಳುವುದೆಂದರೆ ಮರ ಬರಿದು ಮಾಡುವುದಲ್ಲ ಎಂಬುದು ಸೋಲಿಗರ ತಿಳಿವಳಿಕೆ. ಹಕ್ಕಿಗೆ, ಜಿಂಕೆಗೆ, ಮತ್ತೆ ಹುಟ್ಟುವ ಸಸಿಗೆ ಎಂದು ಪಾಲು ಬಿಡುತ್ತಾರೆ. ನೆಲ್ಲಿ ಮರವನ್ನು ಹಿಂಡುವ ಬಂದಳಿಕೆಯನ್ನು ಅವರು 'ಉಪ್ಪಿಲು' ಎನ್ನುತ್ತಾರೆ. ಹಿಂದೆ ಬೇಸಿಗೆಯ ಮುನ್ನ ಹಾಕುತ್ತಿದ್ದ ಸಣ್ಣ ತರಗು ಬೆಂಕಿ ನಿಂತದ್ದರಿಂದಲೇ ಉಪ್ಪಿಲೂ ಲಂಟಾನವೂ ಹೆಚ್ಚಿದವು ಎಂಬುದು ಅವರ ವಾದ. ಬೆಟ್ಟದಲ್ಲಿ ದಶಕಗಳಿಂದ ಅಧ್ಯಯನ ನಡೆಸಿರುವ ಪರಿಸರ ವಿಜ್ಞಾನಿಗಳು ಈ ವಾದವನ್ನು ಗಂಭೀರವಾಗಿಯೇ ಪರಿಗಣಿಸಿದ್ದಾರೆ.

ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ನಂತರದ ವರ್ಷಗಳಲ್ಲಿ ಧಾಮದೊಳಗಿನ ಸಂಗ್ರಹಕ್ಕೆ ನಿಷೇಧ ಬಿತ್ತು. ತಲೆಮಾರುಗಳಿಂದ ಕಿತ್ತ ಕಾಯಿಯನ್ನು ಮುಟ್ಟಿದರೆ ಅಪರಾಧ. ಹಲವರು ಕಾಫಿ ತೋಟಗಳಿಗೆ ಕೂಲಿಗೆ ಹೊರಟರು. 2006ರ ಅರಣ್ಯ ಹಕ್ಕು ಕಾಯ್ದೆ ದಾರಿ ತೆರೆಯಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿ ಕಾಡಿನೊಳಗೇ ಜನರಿಗೂ ಹಕ್ಕಿದೆ ಎಂದು ಒಪ್ಪಿದ ಮೊದಲ ನಿದರ್ಶನಗಳಲ್ಲಿ ಇದೂ ಒಂದು. 2013-14ರಲ್ಲಿ ಕೇಂದ್ರ ಸರ್ಕಾರ ಕಿರು ಅರಣ್ಯ ಉತ್ಪನ್ನಗಳಿಗೆ ಬೆಂಬಲ ಬೆಲೆ ಯೋಜನೆ ತಂದಾಗ ಮೊದಲ ಪಟ್ಟಿಯಲ್ಲೇ ಅಳಲೆಯೂ ಸೇರಿತ್ತು.

ಆದರೆ ಹಕ್ಕುಪತ್ರ ಬಂದ ಮಾತ್ರಕ್ಕೆ ಮರ ಕಾಯಿ ಬಿಡುವುದಿಲ್ಲ. ಲಂಟಾನ ಮುಚ್ಚಿದ ನೆಲದಲ್ಲಿ ಅಳಲೆಯ ಸಸಿ ಏಳುವುದು ಕಷ್ಟ. ಯಾವ ಮರ ಯಾವ ವರ್ಷ ಬಿಡುತ್ತದೆ, ಎಷ್ಟು ಕೀಳಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕ ಯಾವ ಸಂಹಿತೆಯಲ್ಲೂ ಬರೆದಿಲ್ಲ. ಅದು ಕಾಡಿನಲ್ಲಿ ಅಪ್ಪನ ಹಿಂದೆ ನಡೆದ ಮಗನಿಗೆ ಬರುವ ವಿದ್ಯೆ. ನಿಷೇಧದ ವರ್ಷಗಳಲ್ಲಿ ಕಾಡಿಗೆ ಹೋಗದೆ ಬೆಳೆದ ಮಕ್ಕಳಿಗೆ ಅದು ಎಷ್ಟು ದಕ್ಕಿದೆ ಎಂಬುದೇ ಈಗಿನ ಪ್ರಶ್ನೆ.

ಇಂದು ಗುಂಡ್ಲುಪೇಟೆಯ ಔಷಧದ ಅಂಗಡಿಯಲ್ಲಿ ಲ್ಯಾಕ್ಟುಲೋಸ್ ಬಾಟಲಿ, ಇಸಬಗೋಲಿನ ಪೊಟ್ಟಣ, ಸೋನಾಮುಖಿಯ ಮಾತ್ರೆ, ತ್ರಿಫಲಾ ಚೂರ್ಣದ ಡಬ್ಬ ಒಂದೇ ಕಪಾಟಿನಲ್ಲಿ ಸಿಗುತ್ತವೆ. ಅನುಲೋಮನ, ಸ್ರಂಸನ, ಭೇದನ, ರೇಚನಗಳ ಹೊಸ ರೂಪವೇ ಅದು. ಮೃದುವಾದದ್ದರಿಂದ ಶುರು ಮಾಡು, ತೀಕ್ಷ್ಣವಾದದ್ದನ್ನು ಕೊನೆಗಿಡು, ಅಭ್ಯಾಸ ಮಾಡಿಕೊಳ್ಳಬೇಡ ಎಂಬ ಮಾತಿನಲ್ಲಿ ಹಳೆಯ ಪಂಡಿತನಿಗೂ ಇಂದಿನ ಡಾಕ್ಟರಿಗೂ ಜಗಳವಿಲ್ಲ. ಕಾಳು, ಸೊಪ್ಪು, ನೀರು, ನಡಿಗೆ ಇವೇ ಮೊದಲ ಮದ್ದು ಎಂಬುದರಲ್ಲಿಯೂ ಇಲ್ಲ.

ಇನ್ನು ಮುಂದೆ ಯಾರನ್ನಾದರೂ 'ಅಳಲೆಕಾಯಿ ಪಂಡಿತ' ಎಂದು ಹಂಗಿಸುವ ಮೊದಲು ಒಂದು ಗಳಿಗೆ ಯೋಚಿಸಬಹುದು. ಆ ಕಾಯಿಯನ್ನು ಅರೆಯಬೇಕೋ ಬೇಯಿಸಬೇಕೋ ಎಂದು ಪಂಡಿತನಿಗೆ ತಿಳಿದಿರಬೇಕಿತ್ತು. ಅದನ್ನು ಯಾವ ಮರದಿಂದ ಎಷ್ಟು ಕೀಳಬೇಕೆಂದು ಸೋಲಿಗನಿಗೆ ತಿಳಿದಿತ್ತು. ನಮಗೆ ಗಾದೆಯಷ್ಟೇ ಉಳಿದಿದೆ.